ಅಟ್ಟಕ್ಕೊಂದು ರೇಡಿಯೇಟರ್

"ಮಂಚ ಈ ಗೋಡೆಗೆ ತಾನೆ ಬರೋದು, ಸಾರ್?"

ರೋಲಂಡ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಕೋಣೆ ಕಾಯಿಸುವ ಬಿಸಿನೀರಿನ ರೇಡಿಯೇಟರ್ ಕೂರಿಸಲು ಬಂದು ಅಟ್ಟದ ಹೊಸ ನೆಲದ ಮೇಲೆ ಮಂಡಿಯೂರಿದ್ದ ಪ್ಲಂಬರ್ ಗ್ಯಾರತ್ ಪೆನ್ಸಿಲ್ ಹಿಡಿದು ಕಾಯುತ್ತಿದ್ದ.

"ಎಂಥ ಮಂಚ? ಇದು ನಾನು ಓದೋ ಕೋಣೆ."

"ನೀವು ಇನ್ಮೇಲೆ ಇಲ್ಲೇ ಮಲಗೋದು, ರೇಡಿಯೇಟರ್ ತಲೆದೆಸೆಗೆ ಬೇಡ ಅಂದ್ರು ಅಮ್ಮಾವ್ರು." ಗ್ಯಾರತ್ ನಾಲಿಗೆ ಕಚ್ಚಿಕೊಂಡ. "ನಿಮಗೆ ಗೊತ್ತಿದೆ ಅಂದ್ಕೊಂಡೆ."

"ಗೊತ್ತಿತ್ತು. ಮರೆತಿದ್ದೆ."

ಮೂವತ್ತೆರಡು ವರ್ಷ ಹಡರ್ಸ್‌ಫೀಲ್ಡಿನ ಹುಡುಗರಿಗೆ ಲ್ಯಾಟಿನ್ ವ್ಯಾಕರಣ ಕಲಿಸಿದವನು. ಯಾವುದೇ ವಾಕ್ಯದಲ್ಲಿ ಕರ್ತೃ ಯಾವುದು, ಕರ್ಮ ಯಾವುದು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲವನು. ತನ್ನ ಮನೆಯಲ್ಲಿ ತಾನು ಯಾವುದು ಎಂಬುದನ್ನು ಪ್ಲಂಬರ್ ತಿಳಿಸಬೇಕಾಯಿತು.

ಕೆಳಗಿಳಿದ. ಹೆಂಡತಿ ಮ್ಯೂರಿಯಲ್ ಟೋಸ್ಟಿಗೆ ಬೆಣ್ಣೆ ಸವರುತ್ತಿದ್ದಳು.

"ಮಂಚ ಬರುತ್ತಂತೆ."

"ಗುರುವಾರ."

"ನನಗೆ ಹೇಳಬಹುದಿತ್ತು."

"ನೀನು ಗೊರಕೆ ಹೊಡೀತೀಯ, ರೋಲಂಡ್."

"ಮದುವೆಯಾದಾಗಿಂದ ಹೊಡೀತಿದ್ದೀನಿ."

"ಅದನ್ನೇ ನಾನೂ ಹೇಳ್ತಿರೋದು. ಟೀ ಬೇಕಾ?"

"ಹೂಂ."

ಹೂಂ ಎಂದದ್ದಕ್ಕೆ ತನ್ನ ಮೇಲೇ ಹೇಸಿಗೆಯಾಯಿತು. ಜಗಳಕ್ಕೆ ಬೇಕಾದ ಮಾತೆಲ್ಲ ಗಂಟಲಿಗೆ ಬಂದಿತ್ತು. ಟೀ ಅದನ್ನು ಕೆಳಗಿಳಿಸಿತು.

ಗ್ಯಾರತ್ ಇಡೀ ಮನೆಯ ಕೊಳವೆಗಳ ನೀರು ಬಸಿದ. ಮಲಗುವ ಕೋಣೆಯ ಕೊಳವೆ ಕತ್ತರಿಸಿ, ಕವಲು ತೆಗೆದು, ಚಾವಣಿ ಕೊರೆದು ಮೇಲಕ್ಕೊಯ್ದ. ಹಾಸಿಗೆಯ ಮೇಲೆ ಬಟ್ಟೆ ಹೊದಿಸಿದ್ದರು. ಅದರಡಿ ತನ್ನ ಮಗ್ಗುಲು ಯಾವುದೆಂದು ರೋಲಂಡ್‌ಗೆ ತಕ್ಷಣ ಹೊಳೆಯಲಿಲ್ಲ.

ಮಧ್ಯಾಹ್ನ ಕೆಳಗೆ ನೀರು ಕಾಯಿಸುವ ಬಾಯ್ಲರ್ ಮತ್ತೆ ಹೊತ್ತಿತು. ಕೆಳಗಿನ ರೇಡಿಯೇಟರುಗಳೆಲ್ಲ ಕೈ ಇಡಲಾಗದಷ್ಟು ಬಿಸಿ. ಅಟ್ಟದ್ದು ಮಾತ್ರ ಉಗುರುಬೆಚ್ಚಗೆ.

"ಇದು ಕೊನೇದಲ್ವಾ ಸಾರ್, ಕೆಳಗಿನವೇ ಬಿಸಿಯೆಲ್ಲ ಎಳ್ಕೊಂಬಿಡ್ತವೆ" ಎಂದ ಗ್ಯಾರತ್. "ಅವುಗಳ ತಿರುಪನ್ನ ಚೂರು ಬಿಗಿ ಮಾಡಿದ್ರೆ ಸರಿಹೋಗುತ್ತೆ. ಅಮ್ಮಾವ್ರು ಬೇಡ ಅಂದ್ರು." ಪುಟ್ಟ ಕೀಲಿಯೊಂದನ್ನು ಕೈಗಿಟ್ಟ. "ಒಳಗಿನ್ನೂ ಗಾಳಿ ಇರುತ್ತೆ. ಸಂಜೆ ಇದನ್ನ ರೇಡಿಯೇಟರ್ ತುದೀಲಿ ಹಾಕಿ ತಿರುಗಿಸಿ, ಗಾಳಿ ಹೊರಗೆ ಬಿಡಿ. ಆಗ ಕೆಳಗೆ ಅಮ್ಮಾವ್ರು ಬಾಯ್ಲರ್ ಹತ್ರ ನಲ್ಲಿ ತೆಗೆದು ನೀರು ತುಂಬ್ತಿರಬೇಕು. ಇಲ್ದಿದ್ರೆ ಒತ್ತಡ ಇಳಿದು ಬಾಯ್ಲರೇ ನಿಂತ್ಹೋಗುತ್ತೆ. ಒಬ್ಬರಿಂದ ಆಗೋ ಕೆಲಸ ಅಲ್ಲ."

ಐದು ಗಂಟೆಗೆ ರೋಲಂಡ್ ಅಟ್ಟ ಹತ್ತಿ ಕೀಲಿ ತಿರುಗಿಸಿದ. ಗಾಳಿ ಬುಸ್ಸೆಂದಿತು.

"ಮ್ಯೂರಿಯಲ್! ನಲ್ಲಿ ತೆಗಿ!"

"ಏನು?"

"ನಲ್ಲಿ!"

"ಬಂದ್ಮೇಲೆ ನೋಡ್ತೀನಿ!"

ಮುಂಬಾಗಿಲು ಮುಚ್ಚಿತು. ಕಾರು ಹೊರಟ ಸದ್ದು.

ಕೀಲಿ ಹಿಂದಕ್ಕೆ ತಿರುಗಿಸಿದರೆ ಮುಗಿಯುತ್ತಿತ್ತು. ಕೆಳಗಿಳಿದು ತಾನೇ ನಲ್ಲಿ ತೆಗೆಯಬಹುದಿತ್ತು. ಹಾಗೇ ಬಿಟ್ಟರೆ ಕೆಳಗಿನ ಕೋಣೆಗಳೂ ತಣ್ಣಗಾಗುತ್ತವೆಂದು ಗೊತ್ತಿದ್ದೂ ರೋಲಂಡ್ ಅಲುಗಲಿಲ್ಲ. ತುಕ್ಕು ವಾಸನೆಯ ಗಾಳಿ ಬೆರಳಿಗೆ ತಾಗುತ್ತಿತ್ತು. ಬೆಳಗಿನಿಂದ ಮೊದಲ ಬಾರಿಗೆ ಏನೋ ಒಂದು ಖುಷಿ, ನಾಚಿಕೆಗೇಡಿನ ಖುಷಿ, ಎದೆಯಲ್ಲಿ ಹರಡಿತು.

ಬುಸುಗುಟ್ಟುವುದು ಸಣ್ಣಗಾಗಿ ನಿಂತಿತು. ಕೆಳಗೆ ಬಾಯ್ಲರ್ ಒಮ್ಮೆ ಕೆಮ್ಮಿ ಸುಮ್ಮನಾಯಿತು.

ಕೋಟಿನ ಗುಂಡಿ ಹಾಕಿಕೊಂಡು, ಆರುತ್ತಿದ್ದ ಕಬ್ಬಿಣಕ್ಕೆ ಬೆನ್ನು ಕೊಟ್ಟು ಕೂತ. ಕೆಳಗಿನ ಖಾಲಿ ಕೋಣೆಗಳಲ್ಲಿ ರೇಡಿಯೇಟರುಗಳು ಒಂದಾದ ಮೇಲೊಂದು ಟಿಕ್ ಟಿಕ್ಕೆನ್ನುತ್ತ ತಣಿಯತೊಡಗಿದ್ದವು.