ಉಚ್ಚಂಗೆಪ್ಪನ ಉಂಡೆ ಅಕ್ಷರ

ಹೊನ್ನೂರಮ್ಮ ಗೋಣಿಚೀಲವನ್ನು ಎಳೆದು ತಂದು, ಅದರಲ್ಲಿದ್ದ ಮರದ ಅಕ್ಷರಗಳನ್ನೆಲ್ಲ ಪ್ರೆಸ್ಸಿನ ಪಾಲಣ್ಣನ ಕಾಲ ಬಳಿ ಸುರಿದಳು. ಜಗುಲಿಯ ಮೇಲೆ ಗಂಡ ಉಚ್ಚಂಗೆಪ್ಪನ ಹೆಣವಿತ್ತು. ನಸುಕಿನಲ್ಲೇ ಉಸಿರು ನಿಂತಿತ್ತು. ಅತ್ತು ಅತ್ತು ಅವಳಿಗೂ ಸಾಕಾಗಿತ್ತು.

"ಇವರ ಹೆಸರು ಇವರ ಅಕ್ಷರದಾಗೇ ಅಚ್ಚು ಹಾಕ್ರಿ, ಪಾಲಣ್ಣಾರೆ. ಇವತ್ತು ಸಂತೆ ಐತೆ, ನಾಕು ಕಡೆ ಅಂಟಿಸ್ರಿ. ಹೊರಾಕೆ ನಾಕು ಜನನಾದ್ರೂ ಬರ್ಲಿ."

ಪಾಲಣ್ಣ ತಲೆ ಕೆರೆದುಕೊಂಡ. "ಇವು ನಾಟಕದ ಅಕ್ಷರ ಕಣವ್ವ. ಸಾವಿನ ಸುದ್ದೀನ ಸಣ್ಣಕ್ಷರದಾಗೆ ಹಾಕೋದು. ನೋಡ್ದೋರು ಏನಂದಾರು?"

"ಸಣ್ಣಕ್ಷರ ಯಾರ ಕಣ್ಣಿಗೆ ಬೀಳ್ತೈತೆ?"

ಪಾಲಣ್ಣ ಬಗ್ಗಿ ಅಕ್ಷರಗಳನ್ನು ಮತ್ತೆ ಚೀಲಕ್ಕೆ ತುಂಬತೊಡಗಿದ. ಬಡಗಿ ಉಚ್ಚಂಗೆಪ್ಪ ಜಗಳೂರು ಸೀಮೆಯಿಂದ ಬಂದವನು. ಹಿಂದೆ ಮುಂದೆ ಯಾರೂ ಇಲ್ಲ. ಇಪ್ಪತ್ತು ವರ್ಷ ನ್ಯಾಮತಿಯಲ್ಲಿದ್ದೂ ಒಂದು ದಿನ ಅರಳಿಕಟ್ಟೆಯಲ್ಲಿ ಕೂತು ಹರಟಿದ ಪುಣ್ಯಾತ್ಮನಲ್ಲ. ಹೆಗಲು ಕೊಡಲು ಪಾಲಣ್ಣನಿದ್ದ, ಪಕ್ಕದ ಮನೆ ರೇವಣ್ಣನಿದ್ದ. ಇನ್ನಿಬ್ಬರು ಯಾರೆಂದು ಯಾರಿಗೂ ಗೊತ್ತಿರಲಿಲ್ಲ.

ಪಾಲಣ್ಣ ಹಳೆಯ ಹಾಳೆಗಳ ಬೆನ್ನಿಗೆ ಏಳೆಂಟು ಪ್ರತಿ ಅಚ್ಚು ಹಾಕಿಸಿದ. ಸಂತೆಯ ಸುತ್ತ ಅಂಟಿಸಿ, ಒಂದನ್ನು ತಂದು ಹೊನ್ನೂರಮ್ಮನ ಮನೆಯ ಗೋಡೆಗೂ ಅಂಟಿಸಿದ.

*

ಹನ್ನೆರಡು ವರ್ಷದ ಹಿಂದೆ ಹೊನ್ನಾಳಿಯಿಂದ ನಾಟಕದ ಕಂಪನಿಯ ಯಜಮಾನ ಬಂದು, ಗೋಡೆಗೆ ಅಂಟಿಸುವ ನಾಟಕದ ಹಾಳೆಗೆ ಗಾಡಿಯಲ್ಲಿ ಹೋಗುವವರಿಗೂ ಕಾಣುವಂಥ ಅಕ್ಷರ ಬೇಕೆಂದಿದ್ದ. ಮೂರು ದಿನ ಕೆತ್ತಿದವೆಲ್ಲ ಮೂಲೆ ಮುರಿದುಕೊಂಡವು. ನಾಲ್ಕನೆಯ ದಿನ ಉಚ್ಚಂಗೆಪ್ಪ ಮೂಲೆಗಳನ್ನೇ ತೆಗೆದುಹಾಕಿ, ಮೈ ದಪ್ಪ ಮಾಡಿ, ಉರುಟಾಗಿ ಕೆತ್ತಿದ.

"ಇದೇನ್ರಿ, ಉಂಡೆ ಕಟ್ಟಿದಂಗೈತೆ!" ಎಂದು ಹೊನ್ನೂರಮ್ಮ ನಕ್ಕಳು.

"ಇರ್ಲಿ ಬಿಡು. ಓದಾಕೆ ಬರದೋರೂ ಇದನ್ನ ನೋಡಿ ಹೊರಡ್ಬೇಕು."

ಹೊರಟೇ ಹೊರಟರು. ಗೋಡೆಯ ಮೇಲೆ ಉಂಡೆ ಅಕ್ಷರ ಕಂಡರೆ ಸಾಕು, ಸುತ್ತಲ ಹಳ್ಳಿಯವರು ಚಾಪೆ ಸುತ್ತಿಕೊಂಡು ಬರುತ್ತಿದ್ದರು. ಉಚ್ಚಂಗೆಪ್ಪ ಮಾತ್ರ ಒಂದು ನಾಟಕವನ್ನೂ ನೋಡಲಿಲ್ಲ. ಆಮೇಲೆ ಯುದ್ಧ ಬಂತು, ಕಾಗದ ಸಿಗದಾಯಿತು. ದಪ್ಪಕ್ಷರ ಬಹಳ ಕಾಗದ ತಿನ್ನುತ್ತದೆಂದು ಅಕ್ಷರದ ಚೀಲ ಪ್ರೆಸ್ಸಿನಿಂದ ಮನೆಗೆ ವಾಪಸ್ಸಾಯಿತು. ಅವತ್ತಿನಿಂದ ಅವನು ಉಳಿ ಮಸೆಯಲಿಲ್ಲ.

*

ಹೊತ್ತು ಇಳಿಯುವಾಗ ಬೀದಿಯ ತುದಿಯಲ್ಲಿ ಜನ ಕಾಣಿಸಿದರು. ಮೊದಲು ಹತ್ತು, ಆಮೇಲೆ ಐವತ್ತು. ಹೆಂಗಸರು ಹೂ ಮುಡಿದಿದ್ದರು. ಎಲ್ಲರ ಬಗಲಲ್ಲೂ ಚಾಪೆ. ನಾಟಕದ ಟೆಂಟು ಹಾಕುತ್ತಿದ್ದ ಬಯಲು ಆ ಬೀದಿಯ ಆಚೆಗೇ ಇತ್ತು.

ಮುಂದಿದ್ದ ಮುದುಕ ಗೋಡೆಯ ಹಾಳೆ ತೋರಿಸಿ ಕೇಳಿದ: "ಬಯಲಾಗೆ ಟೆಂಟೇ ಇಲ್ಲ. ನಾಟಕ ಎಲ್ಲಿ ಆಡ್ತಾರವ್ವ?"

ಹೊನ್ನೂರಮ್ಮನಿಗೆ ನಾಚಿಕೆಯಾಯಿತು. "ನಾಟಕ ಇಲ್ಲಣ್ಣ. ಆ ಅಕ್ಷರ ಕೆತ್ತಿದೋರು ತೀರ್ಕೊಂಡ್ರು."

ಮುದುಕ ಗೋಡೆ ನೋಡಿದ, ಜಗುಲಿ ನೋಡಿದ.

"ಶಿವನೇ! ಅಷ್ಟು ವರ್ಷ ನಮ್ಮನ್ನ ಕರೀತಿದ್ದೋನು ಇವನೇನು?" ರುಮಾಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. "ಕರೆದ ಮ್ಯಾಲೆ ಬರಬೇಕಲ್ಲ. ಬರ್ರಪ್ಪ, ಹಿಡೀರಿ."

ಹೊನ್ನೂರಮ್ಮನಿಗೆ ಮತ್ತೆ ಅಳು ಬಂತು. ಚಟ್ಟ ಎದ್ದಿತು. ಹೆಗಲು ಬದಲಿಸಿಕೊಳ್ಳುತ್ತ ಗಂಡಸರು ಸಾಗಿದರು. ಚಾಪೆಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಉಳಿದವರೆಲ್ಲ ಅವನ್ನು ಬಗಲಲ್ಲೇ ಅವುಚಿಕೊಂಡು ಹಿಂದೆ ನಡೆದರು.