ಗಂಜಿ ಹಾಕಿದ ಚೀಟಿಗಳು

ಬಾಂದ್ರಾದ ಪಾರ್ಸಿ ಮುದುಕ ಚೀಟಿಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ ನಿಟ್ಟುಸಿರಿಟ್ಟ. "ಅರೇ ದೀಕ್ರಿ, ಧೋಯಾ ಕ್ಯೂಂ?"

ಯಾಕೆ ತೊಳೆದೆ ಮಗಳೇ ಎಂಬ ಪ್ರಶ್ನೆಯೇ ಶೀಲಾವತಿಗೆ ಹೊಸದು. ಇನ್ನೊಬ್ಬರ ಕೈಗೆ ಕೊಡುವುದನ್ನು ಕೊಳೆಯಾಗಿ ಕೊಡುವ ರೂಢಿ ಅವಳ ಮನೆಯಲ್ಲಿರಲಿಲ್ಲ.

ಯುದ್ಧಕಾಲದಲ್ಲಿ ಊರಿಗೆ ಊರೇ ಚಿಲ್ಲರೆಗೆ ಪರದಾಡುವಾಗ, ಅವಳ ಅಪ್ಪ ಮೋನಪ್ಪ ದುಡ್ಡಿನ ಗಲ್ಲೆಯಲ್ಲಿ ಕೂರುತ್ತಿದ್ದ ಹೋಟೆಲಿನವರು ಒಂದಾಣೆಯ ಚೀಟಿ ಅಚ್ಚು ಹಾಕಿಸಿ ಗಿರಾಕಿಗಳಿಗೆ ಕೊಡುತ್ತಿದ್ದರು. ಮೋನಪ್ಪ ಸಹಿ ಹಾಕಿದರೆ ಅದು ದುಡ್ಡು, ಇಲ್ಲದಿದ್ದರೆ ಬರೀ ಕಾಗದ. ಯುದ್ಧ ಮುಗಿಯಿತು, ಹೋಟೆಲೂ ಮುಚ್ಚಿತು. ಆಮೇಲೆ ಲಕ್ವ ಹೊಡೆದು ಮೋನಪ್ಪ ಸಯನ್ನಿನ ಚಾಳಿನಲ್ಲಿ ಹಾಸಿಗೆ ಹಿಡಿದ. ಶೀಲಾವತಿ ಶಾಲೆ ಬಿಟ್ಟು ಹಪ್ಪಳ ಲಟ್ಟಿಸಲು ಹೋದಳು. ಜೋಗೇಶ್ವರಿಯಲ್ಲಿ ಒಂದು ಹಳೆಯ ಹೊಲಿಗೆ ಮಿಷನ್ ನೋಡಿಟ್ಟಿದ್ದಳು. ಅದೊಂದು ಬಂದರೆ ಅಪ್ಪನ ಪಕ್ಕದಲ್ಲೇ ಕೂತು ದುಡಿಯಬಹುದು. ಇಂಥ ಚೀಟಿ ಕೂಡಿಡುವವನೊಬ್ಬ ಬಾಂದ್ರಾದಲ್ಲಿದ್ದಾನೆಂದು ಕೇಳಿದ್ದೇ, ಪೆಟ್ಟಿಗೆಯ ತಳದಲ್ಲಿದ್ದ ನಾಲ್ಕನ್ನು ತೆಗೆದು, ಚಹಾದ ಕಲೆ ತೊಳೆದು, ಗಂಜಿ ಹಾಕಿ, ಕೆಂಡ ತುಂಬಿದ ತಂಬಿಗೆಯಿಂದ ಇಸ್ತ್ರಿ ಮಾಡಿದ್ದಳು. ಕಲೆಯ ಜೊತೆ ಸಹಿಯೂ ಹೋಗಿತ್ತು. ಅಚ್ಚು ಉಳಿಯಿತಲ್ಲ ಎಂದುಕೊಂಡಿದ್ದಳು.

ಕಲೆಯಿದ್ದರೆ ಅಡ್ಡಿಯಿರಲಿಲ್ಲ, ಸಹಿ ಇದ್ದಿದ್ದರೆ ನಾಲ್ಕಕ್ಕೆ ಅರವತ್ತು ರೂಪಾಯಿ ಕೊಡುತ್ತಿದ್ದೆ ಎಂದ ಮುದುಕ. ತನ್ನ ಬಳಿಯಿದ್ದ ಅದೇ ಹೋಟೆಲಿನ ಚೀಟಿಯೊಂದನ್ನು ತೋರಿಸಿದ. ಅಪ್ಪನ ಸಹಿಯ ಬಾಲ ಬಳ್ಳಿಯ ಹಾಗೆ ಸುತ್ತಿಕೊಂಡಿತ್ತು.

ಮನೆಯಲ್ಲಿ ಕೇಳಿ ಮೋನಪ್ಪ ನಕ್ಕುಬಿಟ್ಟ. "ಅಷ್ಟೆಯಾ? ತಾ ಇಲ್ಲಿ. ಸಹಿ ಹಾಕಿದವ ಇನ್ನೂ ಸತ್ತಿಲ್ಲ."

"ಮೋಸ ಆಗ್ತದಲ್ಲ ಅಪ್ಪ?"

"ನನ್ನ ಸಹಿ ನಾನೇ ಹಾಕಿದ್ರೆ ಎಂಥ ಮೋಸ ಮಾರಾಯ್ತಿ? ಆಗಲೂ ಹೊಟ್ಟೆಪಾಡಿಗೇ ಹಾಕಿದ್ದು."

ಗಂಜಿಯ ಮೇಲೆ ನಿಬ್ಬು ಜಾರಿತು. ನಾಲ್ಕು ಮುಗಿಯುವಷ್ಟರಲ್ಲಿ ಅವನ ಹಣೆ ಬೆವತಿತ್ತು. "ಮೊದಲಿನ ಹಾಗೇ ಉಂಟಲ್ಲ?"

ಬಳ್ಳಿ ಸುತ್ತಿರಲಿಲ್ಲ. ಶಾಯಿಯಲ್ಲಿ ಬಿದ್ದ ಇರುವೆ ಎದ್ದು ನಡೆದ ಹಾಗಿತ್ತು ಗೆರೆ.

"ಹಾಗೇ ಉಂಟಪ್ಪ."

"ಮಿಷನ್ ಬಾಗಿಲ ಹತ್ರ ಇಡುವ. ಅಲ್ಲಿ ಬೆಳಕು ಬರ್ತದೆ."

ಅಪ್ಪ ನಿದ್ದೆ ಹೋದ ಮೇಲೆ ಅವಳು ಚೀಟಿಗಳನ್ನು ಮತ್ತೆ ಪೆಟ್ಟಿಗೆಯ ತಳಕ್ಕೇ ಸೇರಿಸಿದಳು. ಬೆಳಿಗ್ಗೆ ಹೊರಡುವಾಗ ಅಪ್ಪ ಮಲಗಿದಲ್ಲಿಂದಲೇ ಕೇಳಿದ: "ಚೀಟಿ ತಗೊಂಡಿಯಾ ಮಗಾ?"

"ತಗೊಂಡೆ," ಎಂದು ಶೀಲಾವತಿ ಹಪ್ಪಳದ ಲಟ್ಟಣಿಗೆಯನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೊಸ್ತಿಲು ದಾಟಿದಳು.