ಫೋಟೋಕ್ಕೆಂದು ತೆಗೆದ ಗೇಟು

“ಏಯ್ ಮುದುಕಿ, ಆ ರಬ್ಬರ್ ಬೂಟು ಬಿಚ್ಚೇ! ಮರಳುಗಾಡಿನೋರು ರಬ್ಬರ್ ಹಾಕ್ಕಂತಾರಾ?”

ಕಿರುಚಿದವನು ಊರಿನ ಮುಖ್ಯಸ್ಥ ಸಾಗಿಂದಿಕ್. ಒಂಟಿಗಾಲಲ್ಲಿ ನಿಂತು, ಮಡಿಸಿದ ಮಂಡಿಯ ಮೇಲೆ ಬಕೆಟ್ ಇಟ್ಟು ಒಂಟೆಯ ಹಾಲು ಕರೆಯುತ್ತಿದ್ದ ಉಲ್ಮೆಕೆನ್ ತಿರುಗಿಯೂ ನೋಡಲಿಲ್ಲ.

“ಬರಿಗಾಲಲ್ಲಿ ಮುಳ್ಳು ತುಳೀಲಾ? ನಿನ್ನ ಬೂಟು ಕೊಡು, ಬಿಚ್ತೀನಿ.”

ರಾಜಧಾನಿ ಅಸ್ತಾನಾದಿಂದ ಬಂದ ಫೋಟೋಗ್ರಾಫರ್ ದಾಮಿರ್ ನಕ್ಕ. ಮರೆಯಾಗುತ್ತಿರುವ ಅಲೆಮಾರಿಗಳ ಬಗ್ಗೆ ಅವನದೊಂದು ದಪ್ಪ ಪುಸ್ತಕ ಬರುವುದಿತ್ತು. ಖರ್ಚು ಗ್ಯಾಸ್ ಕಂಪನಿಯದು. ಬೆಳಗಿನಿಂದ ಅವಳ ಮೋಟಾರ್‌ಬೈಕನ್ನು ದಿಬ್ಬದಾಚೆ ತಳ್ಳಿಸಿ, ಪ್ಲಾಸ್ಟಿಕ್ ಡಬ್ಬಗಳನ್ನೆಲ್ಲ ಬಚ್ಚಿಡಿಸಿದ್ದ. ಅವಳು ಮಲಗುವ ತಗಡಿನ ಗಾಡಿಗೆ ಅಡ್ಡವಾಗಿ, ಯಾವುದೋ ಹೋಟೆಲಿನಿಂದ ಬಾಡಿಗೆಗೆ ತಂದ ಬಿಳಿ ಉಣ್ಣೆಯ ಗುಡಾರ ನಿಲ್ಲಿಸಿದ್ದರು. ಅದರೊಳಗೆ ಇನ್ನೂ ಯಾರದೋ ಮದುವೆಯೂಟದ ವಾಸನೆಯಿತ್ತು.

ಅವಳಿಗೆ ಮಖಮಲ್ಲಿನ ಕೋಟು ತೊಡಿಸಿದರು.

“ದೂರಕ್ಕೆ ನೋಡೀಮ್ಮಾ. ಏನೋ ಕಳ್ಕೊಂಡೋರ ಥರ.”

“ಕಳ್ಕೊಂಡಿಲ್ಲ ಕಣಪ್ಪಾ. ಅಗೋ, ಅಲ್ಲೇ ಐತೆ, ತಂತಿ ಒಳಗೆ.”

ತಂತಿಬೇಲಿಯೊಳಗಿದ್ದುದು ಅವಳ ಮಾವ ತೋಡಿದ ಬಾವಿ. ಎರಡು ವರ್ಷದ ಹಿಂದೆ ಕಂಪನಿ ಬೇಲಿ ಹಾಕಿಕೊಂಡಾಗ ಕಾಗದಕ್ಕೆ ರುಜು ಹಾಕಿದ್ದು ಸಾಗಿಂದಿಕ್. ಅಂದಿನಿಂದ ಅವಳು ಒಂಟೆಗಳನ್ನು ಎರಡು ದಿನದ ಹಾದಿ ಹೊಡೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದಳು. ಐದು ಒಂಟೆಗಳು ಆ ಹಾದಿಯಲ್ಲೇ ಸತ್ತಿದ್ದವು.

“ನೀರು ಸೇದೋ ಫೋಟೋ ಒಂದು ಬೇಕಿತ್ತು,” ಎಂದ ದಾಮಿರ್. ಸಾಗಿಂದಿಕ್ ಕಣ್ಸನ್ನೆ ಮಾಡಿದ. ಕಾವಲಿನವನು ಗೇಟು ತೆಗೆದ.

ಉಲ್ಮೆಕೆನ್ ಹಗ್ಗ ಎಳೆದಳು. ಚರ್ಮದ ಚೀಲ ತುಳುಕುತ್ತ ಮೇಲೆ ಬಂತು. ನೀರಿನ ವಾಸನೆಗೆ ಆಚೆ ಒಂಟೆಗಳು ಗೋಳಿಟ್ಟವು.

“ಚೆನ್ನಾಗಿ ಬಂತು! ಸಾಕಮ್ಮಾ, ವಾಪಸ್ ಸುರೀರಿ.”

“ಏನಂದೆ?”

“ಸುರಿಯೇ ಅಂದ್ರೆ!” ಸಾಗಿಂದಿಕ್ ಗದರಿದ. “ಗೇಟು ತೆಗೆಸಿದ್ದು ಫೋಟೋಕ್ಕೆ. ನಿನ್ನ ಗಬ್ಬುನಾತದ ಒಂಟೆಗಳಿಗಲ್ಲ.”

ಅವಳು ನೀರನ್ನು ಸುರಿದಳು, ಆದರೆ ಬಾವಿಗಲ್ಲ, ಪಕ್ಕದ ಕಲ್ಲುತೊಟ್ಟಿಗೆ. ಆಮೇಲೆ ಗಂಟಲೆತ್ತಿ ಒಂಟೆಗಳನ್ನು ಕರೆದಳು.

ಉಳಿದಿದ್ದ ಹದಿಮೂರು ಒಂಟೆಗಳೂ ನುಗ್ಗಿದವು. ಕಾವಲಿನವನು ಬೇಲಿ ಹತ್ತಿ ನೇತಾಡಿದ. ಗಂಡೊಂಟೆಯೊಂದು ಸಾಗಿಂದಿಕ್‌ನ ಮೋರೆ ತುಂಬ ಹಸಿರು ನೊರೆ ಉಗಿಯಿತು.

“ಓಡಿಸ್ರೋ! ಗೇಟು ಹಾಕ್ರೋ ಬೋಳಿಮಕ್ಳಾ!”

ಉಲ್ಮೆಕೆನ್ ಎಲ್ಲಕ್ಕಿಂತ ಹಿರಿಯ ಹೆಣ್ಣೊಂಟೆಗೆ ಮೊದಲು ಕುಡಿಸಿ, ಮೂಗುದಾರ ಹಿಡಿದು ಗೇಟಿನ ನಡುವೆ ತಂದು “ಶೋಕ್” ಎಂದಳು. ಅದು ಮಂಡಿಯೂರಿ ಕೂತಿತು. ಸಾಗಿಂದಿಕ್‌ನೂ ಕಾವಲಿನವನೂ ಅದರ ಬಾಲ ಎಳೆದರು, ಒದ್ದರು. ಅದು ಮೆಲುಕು ಹಾಕುತ್ತ ಕೂತೇ ಇತ್ತು.

ಅವಳು ಕೋಟು ಬಿಚ್ಚಿ ಸಾಗಿಂದಿಕ್‌ನತ್ತ ಎಸೆದಳು. “ತಗಾ, ಮೋರೆ ಒರೆಸ್ಕೋ.”

ದಾಮಿರ್ ಕ್ಯಾಮೆರಾ ಎತ್ತಿದ. ಸಾಗಿಂದಿಕ್ ಅದಕ್ಕೆ ಕೈ ಅಡ್ಡ ಇಟ್ಟ. “ಇದು ಬೇಡ.”

“ಯಾಕಪ್ಪಾ? ಈಗ ನಾನು ಅಲೆಮಾರಿ ಥರ ಕಾಣಾಕಿಲ್ವಾ?”

ದಾಮಿರ್ ನೆಲ ನೋಡುತ್ತ ಕ್ಯಾಮೆರಾದ ಮುಚ್ಚಳ ಹಾಕಿದ.

ದೂರದಲ್ಲಿ ಕಂಪನಿಯ ಜೀಪುಗಳ ಧೂಳೆದ್ದಿತು. ಉಲ್ಮೆಕೆನ್ ಅಂಗೈಗೆ ಉಗುಳಿಕೊಂಡು ಚೀಲವನ್ನು ಮತ್ತೆ ಬಾವಿಗಿಳಿಸಿದಳು. ಇನ್ನೂ ಹನ್ನೆರಡು ಒಂಟೆಗಳು ಕುಡಿಯುವುದಿತ್ತು.